ಎಣ್ಣೆ ಹತ್ತುವ ಮೊದಲು

ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪುತ್ತೇನೆ. ಆದರೆ ಆ ಶುಕ್ರವಾರ ಬಂದಂಥ ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. ಇಳಕಲ್ಲಿನಲ್ಲಿ ಹುನಗುಂದ ರಸ್ತೆಗೆ ಗ್ಯಾರೇಜು ಹಾಕಿ ಮೂವತ್ತೆರಡು ವರ್ಷ. ಈ ಮುರ್ತುಜಸಾಬನ ಕೈಯಲ್ಲಿ ಎಂಜಿನ್ ಕೆಟ್ಟಿತು ಎಂದು ಅಲ್ಲಿಯವರೆಗೆ ಯಾರೂ ಅಂದಿರಲಿಲ್ಲ.

ಅದು ಅಮೀನಗಡದ ಹೊಳಬಸಪ್ಪನವರ ತೀರಿಹೋದ ತಂದೆಯ ಅಂಬಾಸಿಡರ್, ಅರವತ್ನಾಲ್ಕರ ಮಾಡೆಲ್ಲು. ಎಂಜಿನ್ ಪೂರ್ತಿ ಬಿಚ್ಚಿ ಐದು ತಿಂಗಳು ಅದರಲ್ಲೇ ಮುಳುಗಿದ್ದೆ. ಒಳಗೆ ತಿರುಗುವ ದಂಡವಾದ ಕ್ರ್ಯಾಂಕನ್ನು, ಗೀರು ಬಿದ್ದಾಗಲೆಲ್ಲ, ಹಿಂದೆ ಮೂರು ಸಲ ಹೆರೆದು ನುಣುಪು ಮಾಡಿದ್ದರು. ನಾನು ಮಾಡಿಸಿದ್ದೇ ಕೊನೆಯದು. ಇನ್ನೊಂದು ಗೀರು ಬಿದ್ದರೆ ಹೆರೆಯಲು ಏನೂ ಉಳಿದಿಲ್ಲ. ಬೇರೆ ಕ್ರ್ಯಾಂಕಿಗಾಗಿ ಹುಬ್ಬಳ್ಳಿ, ಕೊಲ್ಲಾಪುರದ ಗುಜರಿಗಳನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಬಂದಿದ್ದೆ. ಇದನ್ನೆಲ್ಲ ಹೊಳಬಸಪ್ಪನವರಿಗೆ ಬಿಡಿಸಿ ಹೇಳಿದಾಗ ತಲೆ ಅಲ್ಲಾಡಿಸಿದ್ದರು, ಅಷ್ಟೇ.

ಹೊಸದಾಗಿ ಕಟ್ಟಿದ ಎಂಜಿನ್ ಒಳಗೆಲ್ಲ ಒಣಗಿರುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಲೋಹಕ್ಕೆ ಲೋಹ ಉಜ್ಜಿ ಕ್ರ್ಯಾಂಕಿಗೆ ಗೀರು ಬೀಳುತ್ತದೆ. ಪ್ಲಗ್ಗು ಬಿಚ್ಚಿಟ್ಟು, ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸುತ್ತಲೇ ಇರಬೇಕು. ಪಂಪು ಎಣ್ಣೆ ಹಿಡಿದು, ಅದು ಎಂಜಿನ್ನಿನ ನೆತ್ತಿಯಲ್ಲಿರುವ ರಾಕರ್‌ವರೆಗೆ ಬಂದು ಜಿನುಗಿದ ಮೇಲೆಯೇ ಸ್ಟಾರ್ಟ್ ಮಾಡುವುದು. ಅವತ್ತು ರಟ್ಟೆ ಬೀಳುವ ತನಕ ತಿರುಗಿಸಿದರೂ ಎಣ್ಣೆ ಹತ್ತಲಿಲ್ಲ. ಪಂಪು ಬಿಚ್ಚಿ, ಎಣ್ಣೆ ತುಂಬಿ, ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು.

ಅಷ್ಟರಲ್ಲಿ ರಾಹುಕಾಲ ಮುಗಿಯಿತೆಂದು ಗಾಡಿಯ ಮನೆಯವರು ಆರತಿ ತಟ್ಟೆ, ಕಾಯಿ, ಲಿಂಬೆಹಣ್ಣು, ಕರದಂಟಿನ ಡಬ್ಬಿ ಹಿಡಿದು ಬಂದಿಳಿದರು. ಹೊಳಬಸಪ್ಪನವರು, ಅವರ ಅಳಿಯ ಸಂಗಮೇಶ, ಎಂಬತ್ತು ದಾಟಿದ ತಾಯಿ ಗುರುಸಿದ್ದವ್ವ. ಆಕೆಗೆ ಆಚೆ ನೆರಳಲ್ಲಿ ಖುರ್ಚಿ ಹಾಕಿ ನೀರು ಕೊಟ್ಟೆ, ಪೂಜೆಗೆಂದು ಗಾಡಿಯ ಕೀಲಿಯನ್ನೂ ಕೈಗಿಟ್ಟೆ.

"ಒಂದರೊಳಗ ಚಾಲೂ ಆಗಬೇಕ್ರಿ ಸಾಬ್ರ. ಆಮ್ಯಾಲ ಮುಹೂರ್ತ ಇಲ್ಲ," ಎಂದರು ಹೊಳಬಸಪ್ಪನವರು, ಗಾಡಿಯ ಹತ್ತಿರ ಬಂದು.

"ಮುಹೂರ್ತ ನಿಮಗ ಬೇಕ್ರಿ, ಎಂಜಿನ್ನಿಗೆ ಎಣ್ಣಿ ಬೇಕು. ನಾ ನಮಾಜ್ ಮುಗಿಸಿ ಬರ್ತೇನಿ. ಅಲ್ಲೀತನಕ ಯಾರೂ ಕೈ ಹಚ್ಚಬ್ಯಾಡ್ರಿ."

ಸಂಗಮೇಶನಿಗೂ ಹೇಳಿದೆ. ನನ್ನ ಜೊತೆ ಇಪ್ಪತ್ತು ವರ್ಷ ದುಡಿದ ಮುತ್ತುರಾಜನಿಗೆ ಎರಡೆರಡು ಸಲ ಹೇಳಿದೆ.

ಎರಡು ಗಂಟೆಗೆ ಮರಳಿದರೆ ಗಾಡಿ ನಾಲ್ಕು ಮಾರು ಮುಂದೆ ನಿಂತಿದೆ, ಗಾಲಿಗೆ ಸಿಕ್ಕ ಲಿಂಬೆಹಣ್ಣು ಅಪ್ಪಚ್ಚಿಯಾಗಿದೆ. ಹೊಳಬಸಪ್ಪನವರು ನಗುನಗುತ್ತ ನನ್ನ ಕೈಗೆ ಕರದಂಟು ಇಟ್ಟರು.

"ಒಂದ ಸಲಕ್ಕ ಚಾಲೂ ಆತು ನೋಡ್ರಿ. ನಮ್ಮವ್ವ ನಡುವ ಬಂದ್ ಮಾಡಿಬಿಟ್ಲು, ಇಲ್ಲಂದ್ರ ಊರು ಸುತ್ತಿ ಬರ್ತಿದ್ವಿ."

ಅದನ್ನು ಪಕ್ಕಕ್ಕಿಟ್ಟು ರಾಕರ್ ಮುಚ್ಚಳ ತೆಗೆದೆ. ಒಳಗೆ ಒಂದು ಹನಿ ಎಣ್ಣೆ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು.

"ಯಾಂವಲೇ ಪ್ಲಗ್ ಹಚ್ಚಿದಾಂವ?"

ಮುತ್ತುರಾಜ ನೆಲ ನೋಡಿದ. "ಗಾಡಿ ಮಾಲಕರ ಮಾತು ಹೆಂಗ ಮೀರ್ಲಿ ಅಣ್ಣಾ. ಬರೇ ಒಂದ ನಿಮಿಷ ಅಂದ್ರು."

"ಅವರಿಗೆ ತಿಳಿಯಂಗಿಲ್ಲ, ಒಪ್ಪಿದೆ. ನಿನಗ ತಿಳೀತಿತ್ತಲ್ಲೋ. ಇಪ್ಪತ್ತು ವರ್ಷ ಇಲ್ಲಿ ಮಣ್ಣು ತಿಂದಿಯೇನು?"

"ಹೋಗ್ಲಿ ಬಿಡ್ರಿ, ಒಳ್ಳೇ ದಿನ," ಎಂದು ಹೊಳಬಸಪ್ಪನವರು ನಡುವೆ ಬಾಯಿ ಹಾಕಿದರು.

"ನೀವು ಸುಮ್ಮನ ನಿಲ್ರಿ," ಎಂದುಬಿಟ್ಟೆ. ಗಿರಾಕಿಗೆ ಹಾಗೆ ಅಂದದ್ದು ಅದೇ ಮೊದಲು.

ಗಾಡಿಯನ್ನು ಗುಂಡಿಯ ಮೇಲೆ ದೂಡಿಸಿ ಕೆಳಗಿಳಿದೆ. ಎಂಜಿನ್ನಿನ ತಳ ಬಿಚ್ಚಿ ಕ್ರ್ಯಾಂಕಿನ ಒಂದು ಬೇರಿಂಗು ಇಳಿಸಿದೆ. ಅದರ ಬಿಳಿ ಲೋಹ ಕರಗಿ ಮೆತ್ತಿಕೊಂಡಿತ್ತು. ಕ್ರ್ಯಾಂಕಿನ ಮೇಲೆ ಉಗುರು ಆಡಿಸಿದೆ, ಉಗುರು ಗೀರಿಗೆ ಸಿಕ್ಕಿಕೊಂಡಿತು. ಐದು ತಿಂಗಳ ಕೆಲಸ ಹೋಯಿತು, ಗಾಡಿಯೂ ಹೋಯಿತು.

ಮೇಲೆ ಬಂದು ಮೂವರಿಗೂ ಬಾಯಿಗೆ ಬಂದಂತೆ ಬೈದೆ. "ಎಲ್ಲಾರಿಗೂ ಹೇಳಿ ಹೋಗಿದ್ದೆ. ಒಬ್ಬರ ಕಿವಿಗೂ ಬೀಳಲಿಲ್ಲೇನು?"

ಗುರುಸಿದ್ದವ್ವ ಖುರ್ಚಿಯಿಂದ ಎದ್ದರು. "ನಾ ಗಾಡ್ಯಾಗ ಮುಂದ ಕುಂತಿದ್ದೆ, ಎಣ್ಣಿ ದೀಪ ಕೆಂಪಗ ಉರಿಯಾಕ ಹತ್ತಿತ್ತು. ಅದು ಆರೋತನಕ ಗಾಡಿ ಬಿಡಬಾರದಂತ ನಮ್ಮವರು ಹೇಳ್ತಿದ್ರು. ಬಂದ್ ಮಾಡ್ರಿ ಅಂತ ಒದರಿದೆ. ಸುಮ್ಮ ಕುಂದ್ರ ಬೇ, ಹಳೇ ಗಾಡಿ ಅಂದ ಇಂವ. ಕಡೀಕ ನಾನ ಕೈ ಹಾಕಿ ಕೀಲಿ ಕಿತ್ತೆ."

ಮಗ ತಲೆ ತಗ್ಗಿಸಿದರು. "ಕೇಳ್ರಿ, ಆಕಿಗೆ ಇದ್ದಷ್ಟು ಬುದ್ಧಿ ನಿಮಗ..." ಎಂದು ನಾನು ಮತ್ತೆ ಶುರು ಮಾಡಿದೆ.

"ನೀ ಏನ್ ಒದರತಿ ಮುರ್ತುಜಾ," ಎಂದರು ಆಕೆ. "ಪೂಜಿಗಂತ ಕೀಲಿ ನನ್ನ ಕೈಯಾಗ ಕೊಟ್ಟಾಂವ ನೀನ. ಹೇಳಿದ್ದು ಮಾತ್ರ ಈ ಗಂಡಸರಿಗೆ. ಮಗ ಬೇಡಿದ, ಕೊಟ್ಟೆ. ನನಗೊಂದು ಮಾತು ಹೇಳಿ ಹೋಗಿದ್ದರ ನಾ ಕೊಡ್ತಿದ್ದಿಲ್ಲ."