ಇಲ್ಲಿ ಜನ ವಾಸಿಸುತ್ತಿದ್ದರು

ನಾನು ಒಂದು ಟೇಪ್ ರೆಕಾರ್ಡರು. ಕಪ್ಪು ಪ್ಲಾಸ್ಟಿಕ್ಕಿನ ಮೈ, ಎದೆಗೆ ತಗಡಿನ ಜಾಲರಿ, ತಲೆಯ ಮೇಲೊಂದು ಹಿಡಿಕೆ, ಹಲ್ಲುಸಾಲಿನ ಹಾಗೆ ಐದು ಗುಂಡಿಗಳು. ಕಡಲಾಚೆಯ ಯಾವುದೋ ಕಾರ್ಖಾನೆಯಲ್ಲಿ, ಬಿಳಿ ಟೊಪ್ಪಿಗೆಯ ಹೆಂಗಸರ ಸಾಲಿನ ಮುಂದೆ ಸರಿಯುತ್ತ ಸರಿಯುತ್ತ ಹುಟ್ಟಿದೆ. ಒಬ್ಬಳು ಕಿವಿ ಕೊಟ್ಟಳು, ಇನ್ನೊಬ್ಬಳು ಗಂಟಲು ಕೊಟ್ಟಳು. ಮಾತನ್ನು ಮಾತ್ರ ಯಾರೂ ಕೊಡಲಿಲ್ಲ. ನನ್ನ ಬಾಯಿಂದ ಬರುವುದೆಲ್ಲ ಇನ್ನೊಬ್ಬರ ಮಾತು. ಇದರಲ್ಲಿ ನನಗೆ ನಾಚಿಕೆಯಿಲ್ಲ. ಮನುಷ್ಯರಲ್ಲೂ ಹೆಚ್ಚಿನವರು ಹೀಗೇ ಬದುಕುವುದನ್ನು ನೋಡಿದ್ದೇನೆ.

ಮೊದಲ ಚಾಕರಿ ಪುದುಚೇರಿಯ ಒಂದು ಫ್ರೆಂಚ್ ಪಾಠಶಾಲೆಯಲ್ಲಿ. ಮೇಜಿನ ಮೇಲೆ ನಾನು, ಹಿಂದೆ ಒದಿಲ್ ಮೇಡಮ್ಮು, ಮುಂದೆ ಆಕಳಿಸುವ ಹುಡುಗರು. ಪಾಠದ ಕ್ಯಾಸೆಟ್ಟುಗಳು ಹನ್ನೆರಡು. ಒಂದರಲ್ಲಿ ಹೆಸರು ಕೇಳುವುದು, ಒಂದರಲ್ಲಿ ಬ್ರೆಡ್ಡು ಕೊಳ್ಳುವುದು, ಒಂದರಲ್ಲಿ ದಾರಿ ತಪ್ಪಿದರೆ ವಿಚಾರಿಸುವುದು. ಏಳನೆಯದು ಭೂತಕಾಲ. ಬಂದ, ಉಂಡ, ಸತ್ತ ಎಂದು ಒಂದೇಟಿಗೆ ಮುಗಿಯುವ ಭೂತವಲ್ಲ. ಬರುತ್ತಿದ್ದ, ಉಣ್ಣುತ್ತಿದ್ದ, ಬದುಕುತ್ತಿದ್ದ ಎಂದು ಬಾಲ ಎಳೆದುಕೊಂಡು ಹೋಗುವಂಥದು. ಅದನ್ನು ಅವರು ‘ಅಂಪಾರ್ಫೆ’ ಎನ್ನುತ್ತಾರೆ. ಪೂರಾ ಆಗದ್ದು ಎಂದು ಅರ್ಥ. ಕ್ಯಾಸೆಟ್ಟಿನೊಳಗಿನ ಗಂಡಸು ಒಂದು ರೂಪ ಹೇಳಿ ಸುಮ್ಮನಾಗುತ್ತಿದ್ದ. ಆ ಮೌನದಲ್ಲಿ ಹುಡುಗರು ಅದನ್ನೇ ಹೇಳಬೇಕು. ‘ಜಾಬಿತೆ’, ನಾನು ವಾಸಿಸುತ್ತಿದ್ದೆ. ‘ತ್ಯು ಆಬಿತೆ’, ನೀನು ವಾಸಿಸುತ್ತಿದ್ದೆ. ‘ನೂಝಾಬಿತ್ಯೋಂ’, ನಾವು ವಾಸಿಸುತ್ತಿದ್ದೆವು.

ಶಾಲೆಗೆ ಹೊಸ ಯಂತ್ರಗಳು ಬಂದವು. ಒದಿಲ್ ಮೇಡಮ್ಮು ನನ್ನನ್ನು ಚೀಲಕ್ಕೆ ಹಾಕಿಕೊಂಡು ಪ್ರವಾಸ ಹೊರಟಳು. ಹೊಸಪೇಟೆಯಲ್ಲಿ ರೈಲಿಳಿದು, ಬಸ್ಸು ಹತ್ತಿ, ಹೊಳೆಯ ದಂಡೆಯ ಹಾಳು ಪಟ್ಟಣಕ್ಕೆ ಬಂದಳು. ನನ್ನ ಹೊಟ್ಟೆಯಲ್ಲಿ ಏಳನೆಯ ಕ್ಯಾಸೆಟ್ಟು ಹಾಗೇ ಉಳಿದಿತ್ತು.

ಆ ಪಟ್ಟಣದಲ್ಲಿ ಗುಡಿಯ ಮುಂದೆ ಒಂದು ಅಗಲವಾದ ಬೀದಿ. ಎರಡೂ ಕಡೆ ಕಲ್ಲುಕಂಬದ ಮಂಟಪಗಳ ಸಾಲು. ರಾಜರ ಕಾಲದಲ್ಲಿ ಅದು ಬಜಾರು. ಆಮೇಲೆ ಬಹಳ ಕಾಲ ಬಾವಲಿಗಳದು. ಅದಕ್ಕೂ ಆಮೇಲೆ ಬಡವರು ಬಂದು, ಕಂಬದಿಂದ ಕಂಬಕ್ಕೆ ಮಣ್ಣಿನ ಗೋಡೆ ಎಬ್ಬಿಸಿ, ಬಾಗಿಲಿಟ್ಟು, ಮಕ್ಕಳನ್ನು ಹೆತ್ತರು. ಜಂಬಯ್ಯ ಹುಟ್ಟಿದ್ದು ಅಂಥದೊಂದು ಮಂಟಪದಲ್ಲೇ. ಹೆಂಡತಿ ಹುಲಿಗೆಮ್ಮನೂ ಅವನೂ ಹಿಂದಿನ ಭಾಗದಲ್ಲಿದ್ದು, ಮುಂದಿನ ಕೋಣೆಯನ್ನು ಪರದೇಶದವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಒದಿಲ್ ಇಳಿದುಕೊಂಡದ್ದು ಅಲ್ಲಿ.

ಜಂಬಯ್ಯನಿಗೆ ಗೈಡ್ ಆಗುವ ಆಸೆ. ಇಂಗ್ಲಿಷಿನ ಗೈಡುಗಳು ಬಸ್ ಸ್ಟ್ಯಾಂಡಿನಲ್ಲಿ ನೊಣದ ಹಾಗೆ ಇದ್ದರು. ಫ್ರೆಂಚರಿಗೆ ಮಾತ್ರ ಯಾರೂ ಇರಲಿಲ್ಲ. ಅವನ ಕಣ್ಣು ನನ್ನ ಮೇಲೆ ಬಿತ್ತು. ಹೊರಡುವಾಗ ಒದಿಲ್ ಏಳನೆಯ ಪಾಠದ ಅರ್ಥವನ್ನೂ ಆನೆ, ರಾಣಿ, ಮುತ್ತಿನಂಥ ಕೆಲವು ಹೆಸರುಗಳನ್ನೂ ಹೇಳಿಕೊಟ್ಟು, ನನ್ನನ್ನು ಅವನ ಕೈಗಿಟ್ಟು, ಉಳಿದ ಕ್ಯಾಸೆಟ್ಟುಗಳನ್ನು ಅಂಚೆಯಲ್ಲಿ ಕಳಿಸುತ್ತೇನೆಂದಳು. ಕಳಿಸಲಿಲ್ಲ.

ಹೀಗೆ ಜಂಬಯ್ಯ ಮೆಟ್ಟಿಲಿಲ್ಲದೆ ಅಟ್ಟ ಹತ್ತಿದ. ಒಂದರಿಂದ ಆರು ಗೊತ್ತಿಲ್ಲ, ಎಂಟರಿಂದ ಮುಂದೆ ಗೊತ್ತಿಲ್ಲ. ಆ ಭಾಷೆಯಲ್ಲಿ ಅವನಿಗೆ ತಿಳಿದದ್ದು ಹಿಂದೆ ಏನೇನು ನಡೆಯುತ್ತಿತ್ತು ಎಂಬುದಷ್ಟೇ. ಬೆಳಿಗ್ಗೆ ಹುಲಿಗೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರೆ ಅವನು ನನ್ನ ಪಕ್ಕ ಕೂತು ಗುಂಡಿ ಒತ್ತುತ್ತಿದ್ದ.

“ನೋಡು ಹುಲಿಗೀ, ಇವರ ಕ್ರಿಯಾಪದ ಹಲ್ಲಿ ಇದ್ದಂಗ. ಹಳೇ ಬಾಲ ಕಡಿ, ಹೊಸಾ ಬಾಲ ಅಂಟಸು. ಮುಗೀತು. ‘ಇರು’ ಅನ್ನೋದೊಂದು ಮೊಂಡ ಐತಿ, ಅದರ ಬೇರಾ ಬ್ಯಾರೆ.”

“ನಿನ್ನಂಗ ಐತಿ ಅನ್ನು.”

ಅವಳ ಕೈಯ ಬಡಿತಕ್ಕೂ ಕ್ಯಾಸೆಟ್ಟಿನ ಗಂಡಸಿನ ಪಾಠಕ್ಕೂ ತಾಳ ಕೂಡುತ್ತಿತ್ತು. ಕೆಲವು ದಿನಗಳಲ್ಲಿ ಅವನಿಗಿಂತ ಮೊದಲೇ ಅವಳ ಬಾಯಲ್ಲಿ ರೂಪಗಳು ಬರತೊಡಗಿದವು. ‘ತ್ಯು ಮಾಂಜೆ’, ನೀನು ಉಣ್ಣುತ್ತಿದ್ದೆ, ಎಂದು ಅವನು ಹತ್ತನೆಯ ಸಲ ಹೇಳಿದಾಗ ಅವಳು ತಾಟು ಕುಕ್ಕಿದಳು. “ಉಣ್ತಿದ್ದಿ, ಉಣ್ತಿದ್ದಿ ಅಂತ ಕುಂತೀಯಲ್ಲ, ಈಗ ಉಣ್ತೀಯೋ ನಾಯಿಗೆ ಹಾಕ್ಲೋ?”

ಹಾಳೂರಿನ ಗೈಡಿಗೆ ಇದಕ್ಕಿಂತ ಹೆಚ್ಚಿನ ಭಾಷೆ ಬೇಕಾಗಲಿಲ್ಲ. ಇಲ್ಲಿ ಮುತ್ತು ಮಾರುತ್ತಿದ್ದರು. ಇಲ್ಲಿ ಆನೆಗಳು ನಿಲ್ಲುತ್ತಿದ್ದವು. ಇಲ್ಲಿ ರಾಣಿಯರು ಮೀಯುತ್ತಿದ್ದರು. ಫ್ರೆಂಚರು ಬೆರಗಾದರು. ಇಷ್ಟು ಚೆಂದವಾಗಿ ನೆನೆಯುವ ಮನುಷ್ಯ ನೀರು ಬೇಕೆಂದು ಕೇಳಲಾರ ಎಂಬುದು ಅವರಿಗೆ ಹೊಳೆಯಲಿಲ್ಲ.

ಆದರೆ ಬಜಾರಿಗೆ ಬಂದಾಗ ಅವರ ಮುಖ ಸಪ್ಪಗಾಗುತ್ತಿತ್ತು. ಕಂಬದಿಂದ ಕಂಬಕ್ಕೆ ಚಡ್ಡಿ, ಲಂಗ, ಕೌದಿ. ಕಲ್ಲಿನ ಸಿಂಹದ ಕೊರಳಿಗೆ ಮೇಕೆ. ಕ್ಯಾಮೆರಾ ಎತ್ತಿದವರು ಹಾಗೇ ಇಳಿಸುತ್ತಿದ್ದರು. ಜಂಬಯ್ಯ ಅದನ್ನು ಗಮನಿಸಿದ. ಓಣಿಯವರನ್ನೆಲ್ಲ ಕೂಡಿಸಿ ಒಂದು ಕಟ್ಟಳೆ ಮಾಡಿದ. ಅವನು ಗುಂಪು ಕರೆದುಕೊಂಡು ತಿರುವಿಗೆ ಬಂದು ‘ವ್ವಾಲಾ!’ ಎಂದು ಗಟ್ಟಿಯಾಗಿ ಕೂಗುತ್ತಾನೆ. ನೋಡಿರಿ ಎಂದು ಅರ್ಥ. ಕೂಗು ಕೇಳಿದ ಕೂಡಲೇ ಎಲ್ಲರೂ ಬಟ್ಟೆ ಎಳೆದುಕೊಂಡು, ಕೊಡ ಒಳಗಿಟ್ಟು, ಮೇಕೆ ಬಿಚ್ಚಿ, ಬಾಗಿಲಿಗೆ ಕಲ್ಲುಬಣ್ಣದ ಗೋಣಿ ಇಳಿಬಿಟ್ಟು ಉಸಿರು ಬಿಗಿಹಿಡಿದು ಕೂರಬೇಕು. ಗುಂಪು ಖುಷಿಯಾದರೆ ಹೋಗುವಾಗ ಪಕ್ಕದ ಮಂಟಪದ ಕಾಸಿಂಬಿಯ ಅಂಗಡಿಯಲ್ಲಿ ಚಹಾ, ಮುಂದಿನ ಅಂಗಡಿಯಲ್ಲಿ ಹಿತ್ತಾಳೆ ಆನೆ. ಎಲ್ಲರಿಗೂ ಪಾಲು.

“ಕಾಸಿಂಬಕ್ಕಾ, ವ್ವಾಲಾ ಬಂತು! ಬಟ್ಟಿ ತಗೀ!” ಎಂದು ಹುಲಿಗೆಮ್ಮ ಗೋಡೆಯಾಚೆಗೆ ಕೂಗುತ್ತಿದ್ದಳು.

“ತಗದೆ ತಾಯೀ. ಹಾಳಾದ ರಾಜರು ಸತ್ತು ಸತ್ತು ನಮ್ಮ ಲಂಗ ಒಣಗಾಕ ಬಿಡವಲ್ಲರು.”

ಹುಲಿಗೆಮ್ಮ ನನ್ನನ್ನೂ ಕೌದಿಯ ಕೆಳಗೆ ತಳ್ಳುತ್ತಿದ್ದಳು. ಗೋಣಿಯಾಚೆ ಅವಳ ಗಂಡ ಹೇಳುತ್ತಿದ್ದುದು ನನಗೂ ಅವಳಿಗೂ ಕೇಳುತ್ತಿತ್ತು. ‘ಇಸಿ ಓನಾಬಿತೆ.’ ಇಲ್ಲಿ ಜನ ವಾಸಿಸುತ್ತಿದ್ದರು. ಅವಳು ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು.

ಒಂದು ವರ್ಷ ಸುದ್ದಿ ಬಂತು. ಹಳೆಯ ಕಲ್ಲು ಉಳಿಸಲು ಸರಕಾರ ಬಜಾರು ಖಾಲಿ ಮಾಡಿಸುತ್ತದೆ. ಮೊದಲು ಒಂದು ಸಮಿತಿ ನೋಡಿ ಹೋಗುತ್ತದೆ. ವಾಸ ಇದ್ದವರಿಗೆ ಊರಾಚೆ ಜಾಗ, ವಾಸ ಇಲ್ಲದ ಮಂಟಪಕ್ಕೆ ಏನೂ ಇಲ್ಲ. ಹುಲಿಗೆಮ್ಮ ಗೋಡೆ ಸಾರಿಸಿದಳು, ಬಾಗಿಲಿಗೆ ಎಣ್ಣೆ ಹಚ್ಚಿದಳು, ಹೊಸ್ತಿಲಿಗೆ ದಿನವೂ ರಂಗೋಲಿ ಹಾಕಿದಳು. ನಾವಿದ್ದೇವೆ ಎಂದು ಗೋಡೆಗಳೇ ಹೇಳಬೇಕು, ಹಾಗೆ. ಇಡೀ ಓಣಿ ಜೀಪಿನ ದಾರಿ ಕಾಯಿತು. ಪಟ್ಟೆಪಟ್ಟೆ ಅಳತೆಕೋಲು, ತಹಶೀಲ್ದಾರರು, ಹಿಂದೆ ಡವಾಲಿಯ ಜವಾನ. ಸರಕಾರ ಎಂದರೆ ಹಾಗೆ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ನಾಲ್ವರು ಜಂಬಯ್ಯನಿಗೆ ಸಿಕ್ಕರು. ಹ್ಯಾಟು ಹಾಕಿದ ಒಬ್ಬ ಮುದುಕ, ದೊಡ್ಡ ಕ್ಯಾಮೆರಾದ ಒಬ್ಬಳು ಹೆಂಗಸು, ಇಬ್ಬರೂ ಫ್ರೆಂಚರು. ಜೊತೆಗೆ ದೆಹಲಿ ಕಡೆಯ ಇಬ್ಬರು ಯುವಕರು. ಬಜಾರು ನೋಡಬೇಕೆಂದರು. ಗಿರಾಕಿ ಸಿಕ್ಕ ಹಿಗ್ಗಿನಲ್ಲಿ ಜಂಬಯ್ಯ ಯಾರು, ಯಾಕೆ ಎಂದು ಕೇಳಲಿಲ್ಲ. ತಿರುವಿಗೆ ಬಂದ. ವ್ವಾಲಾ ಎಂದ.

ನಾನು ಕೌದಿಯ ಕೆಳಗಿದ್ದೆ. ಹೆಂಗಸು ಏನೋ ಕೇಳಿದಳು. ಏಳನೆಯ ಕ್ಯಾಸೆಟ್ಟಿನಲ್ಲಿಲ್ಲದ, ವರ್ತಮಾನದ ಪ್ರಶ್ನೆ. ಜಂಬಯ್ಯ ತನಗೆ ಬಲು ಚೆನ್ನಾಗಿ ಬರುವ ಮಾತನ್ನೇ ಹೇಳಿದ: ಇಲ್ಲಿ ಜನ ವಾಸಿಸುತ್ತಿದ್ದರು. ಅವಳು ಇನ್ನೊಮ್ಮೆ ಕೇಳಿದಳು. ಅವನು ಇನ್ನೊಮ್ಮೆ, ಇನ್ನೂ ಇಂಪಾಗಿ ಹೇಳಿದ. ಕ್ಯಾಮೆರಾ ಒಂದೊಂದೇ ಮಂಟಪದ ಮುಂದೆ ಕಟಕ್ಕೆಂದಿತು. ರಂಗೋಲಿಯ ಮೇಲೆ ಇಳಿಬಿಟ್ಟ ನಮ್ಮ ಗೋಣಿಯ ಮುಂದೂ ಅಂದಿತು. ಒಳಗೆ ಹುಲಿಗೆಮ್ಮ ಸೀನು ತಡೆದುಕೊಂಡು ಕೂತಿದ್ದಳು. ಆಮೇಲೆ ನಾಲ್ವರೂ ಕಾಸಿಂಬಿಯ ಚಹಾ ಕುಡಿದು ಹೊಗಳಿ ಹೋದರು.

ಆ ನಾಲ್ವರೇ ಸಮಿತಿ, ಹಳೆಯ ಕಲ್ಲು ಬಲ್ಲ ಫ್ರೆಂಚರನ್ನೂ ಸೇರಿಸಿದ್ದರು. ಜೀಪು ಬಂದದ್ದು ಆಮೇಲೆ, ಬರೀ ಹೇಳಿಹೋಗಲು. ತಹಶೀಲ್ದಾರ ಸಾಹೇಬರು ಫೈಲು ಬಿಚ್ಚಿ ಫೋಟೋ ತೋರಿಸಿದರು.

“ಈ ಕಡೆ ಸಾಲಲ್ಲಿ ಯಾರೂ ವಾಸ ಇಲ್ಲ ಅಂತ ರಿಪೋರ್ಟಾಗಿದೆ ಕಣ್ರೀ. ನೋಡಿ, ಒಂದು ಬನಿಯನ್ನೂ ಒಣಗ್ತಿಲ್ಲ.”

“ಸಾಹೇಬ್ರ, ಆ ಗೋಣಿ ಹಿಂದ ನನ್ನ ಹೇಣ್ತಿ ಅದಾಳ್ರೀ.”

“ಕಾಣ್ತಿಲ್ವಲ್ಲ.”

“ಇಕಿನಾ ನೋಡ್ರೀ, ಇಲ್ಲೇ ನಿಂತಾಳಲ್ರೀ!”

“ಇವತ್ತು ನಿಂತಿದಾರೆ. ಜಾಗ ಕೊಡ್ತಾರೆ ಅಂದ್ಮೇಲೆ ಎಲ್ರೂ ನಿಂತ್ಕೋತಾರೆ. ರೇಷನ್ ಕಾರ್ಡು ತೋರಿಸ್ಬೇಡಿ, ಊರು ಬಿಟ್ಟೋರ ಹತ್ರಾನೂ ಅದಿರುತ್ತೆ. ಲೋಕಲ್ ಗೈಡೇ ಸ್ವತಃ ಹೇಳಿದಾನಂತೆ ಯಾರೂ ಇಲ್ಲ ಅಂತ.”

ಓಣಿಯೆಲ್ಲ ಜಂಬಯ್ಯನ ಕಡೆ ತಿರುಗಿತು. ಯಾರೂ ಕೈಯೆತ್ತಲಿಲ್ಲ. ಕಾಸಿಂಬಿ ಮಾತ್ರ ಹತ್ತಿರ ಬಂದು ಮೆಲ್ಲಗೆ ಅಂದಳು: “ನಿನ್ನ ವ್ವಾಲಾ ನಮ್ಮ ಮನಿ ನುಂಗಿತು ನೋಡಪಾ.”

ಎದುರುಸಾಲಿನವರಿಗೆ ಜಾಗ ಸಿಕ್ಕಿತು. ಅಲ್ಲಿಯವರು ಬಟ್ಟೆ ತೆಗೆಯುವುದರಲ್ಲಿ ಯಾವಾಗಲೂ ಸೋಮಾರಿಗಳು. ಫೋಟೋದಲ್ಲಿ ಅವರ ಚಡ್ಡಿಗಳು ಬಾವುಟದ ಹಾಗೆ ಹಾರುತ್ತಿದ್ದವು. ನಮ್ಮ ಸಾಲಿನ ಮೇಲೆ ಯಂತ್ರ ಬಂತು. ಅದು ಕಂಬಗಳನ್ನು ಮುಟ್ಟದೆ, ನಡುವಿನ ಗೋಡೆಗಳನ್ನು ಮಾತ್ರ ಹಲ್ಲಿನ ಸಂದಿಯಿಂದ ಅಡಿಕೆ ಚೂರು ತೆಗೆಯುವಷ್ಟು ಜೋಕೆಯಿಂದ ತೆಗೆಯಿತು.

ಈಗ ನಾವು ರಸ್ತೆ ಬದಿಯ ತಗಡಿನ ಖೋಲಿಯಲ್ಲಿದ್ದೇವೆ. ಜಂಬಯ್ಯ ಇನ್ನೂ ಗೈಡು. ಅವನಿಗೆ ಬೇರೆ ಕೆಲಸ ಬರುವುದಿಲ್ಲ. ಖಾಲಿಯಾದ ಮಂಟಪದ ಸೂರುಗಲ್ಲಿಗೆ ಹತ್ತಿದ್ದ ಕಪ್ಪನ್ನು ತೋರಿಸಿ ಒಬ್ಬ ಫ್ರೆಂಚ್ ಮುದುಕಿ ಇದೇನು ಎಂದು ಸನ್ನೆಯಲ್ಲಿ ಕೇಳಿದಳಂತೆ. ಶತ್ರುಗಳ ದಂಡು ಬರುತ್ತಿತ್ತು, ಬೆಂಕಿಯಿಡುತ್ತಿತ್ತು, ಪಟ್ಟಣ ಉರಿಯುತ್ತಿತ್ತು ಎಂದ ಇವನು. ಮುದುಕಿ ಕಲ್ಲು ಸವರಿ ಅತ್ತಳಂತೆ. ಮರುದಿನದಿಂದ ಬೇರೆ ಗೈಡುಗಳೂ ಅದನ್ನೇ ಹೇಳತೊಡಗಿದರು. ಆ ಕಪ್ಪು ಫೋಟೋಗಳಲ್ಲಿ ಹೆಸರಾಯಿತು.

ಹುಲಿಗೆಮ್ಮ ಬಜಾರು ಗುಡಿಸುವ ಗುತ್ತಿಗೆದಾರನ ಬಳಿ ಕೂಲಿಗೆ ಸೇರಿದಳು. ಒಂದು ದಿನ ಅವಳ ಪಾಲಿಗೆ ಬಂದದ್ದು ನಮ್ಮದೇ ಮಂಟಪ. ಕಸ ಹೊಡೆದು, ಉದ್ದ ಕೋಲಿಗೆ ಬ್ರಷ್ಷು ಕಟ್ಟಿ ಮೇಲಿನ ಮಸಿಗೆ ಕೈಹಾಕಿದಾಗ ಮೇಸ್ತ್ರಿ ಕೂಗಿದ.

ಸಂಜೆ ಬಂದು ಗಂಡನ ಮುಂದೆ ಕೂತು ಹೇಳಿದಳು. “ಮುಟ್ಟಬ್ಯಾಡಬೇ, ಅದು ಇತಿಹಾಸ ಐತಿ, ಅಂದ. ನನ್ನ ಒಲಿ ಮಸಿಗೆ ಹಗ್ಗಾ ಕಟ್ಟ್ಯಾರ, ಯಾರೂ ಮುಟ್ಟಬಾರ್ದಂತ.”

ಜಂಬಯ್ಯ ನಾಳೆಯ ಅಂಗಿ ಮಡಚತೊಡಗಿದ.

“ದಂಡು ಸುಟ್ಟದ್ದು ಅಂತ ಹೇಳ್ದಾಂವ ನೀನಾ ಅಲ್ಲೇನು?”

“ನೀ ರೊಟ್ಟಿ ಸುಟ್ಟದ್ದು ಅಂದ್ರ ಯಾರ್ ಕೇಳ್ತಾರ ಹುಲಿಗೀ?”

ಅವಳು ನನ್ನ ಮುಚ್ಚಳ ತೆರೆದು ಏಳನೆಯ ಕ್ಯಾಸೆಟ್ಟನ್ನು ತೆಗೆದು ಒಲೆಗೆ ಹಾಕಿದಳು. ಟೇಪು ಹುಳದ ಹಾಗೆ ಹೊರಳಿ, ನಾತ ಹೊಡೆದು, ಕಪ್ಪು ಹೊಗೆಯಾಗಿ ತಗಡಿಗೆ ಮೆತ್ತಿತು. ಅವನು ತಡೆಯಲಿಲ್ಲ. ಅದರಲ್ಲಿದ್ದದ್ದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಬೆಳಿಗ್ಗೆ ಎದ್ದು, ಇಸ್ತ್ರಿ ಅಂಗಿ ತೊಟ್ಟು ಬಸ್ ಸ್ಟ್ಯಾಂಡಿಗೆ ಹೋದ.

ನಾನು ಒಲೆಯ ಪಕ್ಕದ ಮೂಲೆಯಲ್ಲಿದ್ದೇನೆ. ಜಾಲರಿಗೆ ತುಕ್ಕು, ಗುಂಡಿಗಳು ಒಳಗೆ ಬಿದ್ದಿವೆ. ನನ್ನ ಗಂಟಲಿಂದ ಕಲಿತ ಮಾತಿನಲ್ಲಿ ರಾಣಿಯರು ಮಿಂದರು, ಆನೆಗಳು ನಿಂತವು. ಇಷ್ಟು ವರ್ಷ ನನ್ನ ಮುಂದೆಯೇ ರೊಟ್ಟಿ ಬಡಿದವಳಿಗೆ ಅದರಲ್ಲಿ ಒಂದು ವಾಕ್ಯವೂ ಸಿಗಲಿಲ್ಲ. ಕ್ಯಾಸೆಟ್ಟಿದ್ದ ಜಾಗದಲ್ಲಿ ಅವಳೀಗ ಕಡ್ಡಿಪೆಟ್ಟಿಗೆ ಇಡುತ್ತಾಳೆ. ಅಳತೆ ಸರಿಯಾಗಿದೆ, ಮಳೆ ಸೋರಿದರೂ ತೇವ ತಾಗುವುದಿಲ್ಲ.