ಹನ್ನೆರಡು ಹೋಳಿಗೆ

ಮಧುಮತಿ ಹಾರವನ್ನು ಸಕ್ಕುಬಾಯಿಯ ಎದೆಯ ಮೇಲಿಟ್ಟು ಕೈ ಹಿಂದೆಗೆಯುವಷ್ಟರಲ್ಲಿ ಹಾರದ ದಾರ ಅವಳ ಕೈಗಡಿಯಾರಕ್ಕೆ ಸಿಕ್ಕಿಕೊಂಡಿತು. ಎಳೆದರೆ ಹೆಣವೇ ಅಲುಗುವಂತಿತ್ತು. ಪಕ್ಕದಲ್ಲಿ ಬಿಳಿ ಸೀರೆಯುಟ್ಟು ಕೂತಿದ್ದ ಸಕ್ಕುಬಾಯಿಯ ಮಗಳು ಮರೆಮ್ಮ ಬಗ್ಗಿ, ತನ್ನ ಬೆರಳು ಮಧುಮತಿಯ ಕೈಗೆ ತಾಗದ ಹಾಗೆ, ದಾರವನ್ನು ದೂರದಲ್ಲೇ ಹಿಡಿದು ಹರಿದಳು.

"ಆಯ್ತ್ರಿ ಮೇಡಮ್."

ಆ ಎಚ್ಚರವನ್ನು ಅವಳು ಅವ್ವನಿಂದಲೇ ಕಲಿತಿದ್ದಾಳೆಂದು ಮಧುಮತಿಗೆ ಗೊತ್ತಿತ್ತು. ಬುದ್ಧನ ಪಟದ ಮುಂದೆ ಉರಿಯುತ್ತಿದ್ದ ಮೇಣದಬತ್ತಿಯನ್ನು ನೋಡುತ್ತ ಅವಳು ತಾನು ತರಬೇತಿ ಕೊಡುವ ಹನ್ನೆರಡು ಆಟಗಾರ್ತಿಯರ ಜೊತೆ ಗೋಡೆಗಂಟಿ ನಿಂತಳು.

ಆಳಂದದ ಬಾಸ್ಕೆಟ್‌ಬಾಲ್ ಅಂಕಣವನ್ನು ಸಕ್ಕುಬಾಯಿ ಮೂವತ್ತೆಂಟು ವರ್ಷ ಗುಡಿಸಿದವಳು. ಅದು ಹೊಟ್ಟೆಪಾಡು. ಆಟದ ಹುಚ್ಚು ಅದಕ್ಕಿಂತ ಹಳೆಯದು, ಹತ್ತು ವರ್ಷದವಳಿದ್ದಾಗ ಗೋಡೆಯಾಚೆ ನಿಂತು ಹತ್ತಿಸಿಕೊಂಡದ್ದು. ಒಮ್ಮೆಯೂ ಚೆಂಡನ್ನು ಬುಟ್ಟಿಗೆ ಎಸೆದವಳಲ್ಲ. ಆದರೆ ಯಾವ ವರ್ಷ ಯಾರೆದುರು ಎಷ್ಟು ಪಾಯಿಂಟಿಗೆ ಗೆದ್ದೆವು, ಸೋತೆವು ಎಂದು ಕೇಳಿದರೆ ಪೊರಕೆ ನಿಲ್ಲಿಸದೆಯೇ ಹೇಳುತ್ತಿದ್ದಳು. ಗೆದ್ದದ್ದೇ ಕಡಿಮೆ, ಅದಕ್ಕೇ ಲೆಕ್ಕ ತಪ್ಪುವುದಿಲ್ಲ ಎಂದು ತಾನೇ ನಗುತ್ತಿದ್ದಳು.

ಅಂಗಳದಲ್ಲಿ ಸಕ್ಕುಬಾಯಿಯ ತಮ್ಮ ದತ್ತಪ್ಪ ಬಂದವರಿಗೆ ಹೇಳುತ್ತಿದ್ದ.

"ಐತವಾರ ನಮ್ಮ ಹುಡುಗ್ಯಾರು ಫೈನಲ್‌ದಾಗ ಸೋತ್ರಲ್ರಿ, ಎರಡೇ ಪಾಯಿಂಟಿಗಿ. ನಾ ಅಂದೆ, ಏನಕ್ಕಾ, ಹೋಯ್ತಲ್ಲ ಕಪ್ಪು. ಹೋದ್ರ ಹೋಗ್ಲಿ ಬಿಡೋ, ಅಂಥಾ ಆಟ ನೋಡಿದ್ನಲ್ಲಾ ಅಂದ್ಲು. ಸೋಮವಾರ ಮಧ್ಯಾಹ್ನದ ತನಕ ಒಲಿ ಮುಂದ ಕುಂತಿದ್ಲು. ಇವತ್ತ ಮುಂಜಾನಿ ಏಳಲೇ ಇಲ್ಲ."

ಒಲೆಯೆಂಬ ಮಾತು ಕಿವಿಗೆ ಬಿದ್ದದ್ದೇ ಹಳೆಯ ಹೋಳಿಗೆಯೊಂದು ನೆನಪಾಗಿ ಮಧುಮತಿ ಅಂಗಳದಿಂದ ಮುಖ ತಿರುಗಿಸಿದಳು.

*

ಒಂಬತ್ತು ವರ್ಷದ ಹಿಂದೆ ಇಂಥದೇ ಒಂದು ಫೈನಲ್, ಕಲಬುರಗಿಯಲ್ಲಿ. ನಾಲ್ಕು ಸೆಕೆಂಡು ಉಳಿದಿತ್ತು, ಒಂದು ಪಾಯಿಂಟು ಹಿಂದಿದ್ದರು, ಎರಡು ಫ್ರೀ ಥ್ರೋ ಸಿಕ್ಕಿದ್ದವು. ಎಸೆಯಲು ನಿಂತವಳು ಮಧುಮತಿ. ಎರಡೂ ರಿಂಗಿಗೆ ಬಡಿದು ಹೊರಗೆ ಬಿದ್ದವು.

ವಾಪಸು ಬರುವಾಗ ಕ್ರೂಸರ್ ಗಾಡಿ ಕಡಗಂಚಿಯಲ್ಲಿ ಚಹಾಕ್ಕೆ ನಿಂತಿತು. ಹುಡುಗಿಯರು ಯಾರೂ ಇಳಿಯಲಿಲ್ಲ. ಆಟ ನೋಡಲೆಂದು ಜೊತೆಗೆ ಬಂದಿದ್ದ ಸಕ್ಕುಬಾಯಿ ಬಟ್ಟೆಯ ಗಂಟು ಬಿಚ್ಚಿ ಒಬ್ಬೊಬ್ಬರ ಕೈಗೂ ಒಂದೊಂದು ಶೇಂಗಾ ಹೋಳಿಗೆ ಇಡುತ್ತ ಬಂದಳು.

"ಸೋತೇವಲ್ಲಬೇ, ಇದ್ಯಾಕ?" ಎಂದಳು ಒಬ್ಬಳು.

"ಗೆದ್ರ ಕೊಡೂಣಂತ ಮಾಡಿದ್ದಲ್ಲ ಯವ್ವಾ. ಆಳಂದದ ಹೆಸರು ಫೈನಲ್‌ದಾಗ ಕೂಗಿದ್ದು ನನ್ನ ಜೀವಮಾನದಾಗ ಇವತ್ತೇ ಕೇಳೀನಿ. ನಿಮ್ಮಿಂದ ಕೇಳೀನಿ. ತಗೋ ಮಧು, ತಿನ್ನು ಮಗಳಾ."

ಮಧುಮತಿ ಕೈಗೆ ಬಂದ ಹೋಳಿಗೆಯನ್ನು ಕಿಟಕಿಯಿಂದ ಆಚೆ ಎಸೆದಳು.

ಗಾಡಿಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು. ಮಧುಮತಿ ಗೌಡರ ಮನೆಯವಳು, ಸಕ್ಕುಬಾಯಿ ದಲಿತರ ಓಣಿಯವಳು. ಎಲ್ಲರೂ ಏನೆಂದುಕೊಂಡರೆಂದು ಅವರ ಮುಖಗಳೇ ಹೇಳುತ್ತಿದ್ದವು. ಸೋಲಿನ ಸಿಟ್ಟಿಗೆ ಎಸೆದೆ ಎಂದು ಒಂದು ಮಾತು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅನ್ನಲಿಲ್ಲ. ಅದೇ ಹೋಳಿಗೆಯನ್ನು ಸೋದರತ್ತೆ ಕೊಟ್ಟಿದ್ದರೆ ಎಸೆಯುತ್ತಿದ್ದಳೇ ಎಂದು ಅವಳು ಅಂದಿನಿಂದ ಇಂದಿನವರೆಗೂ ತನ್ನನ್ನೇ ಕೇಳಿಕೊಳ್ಳುತ್ತಲೇ ಇದ್ದಳು.

ಸಕ್ಕುಬಾಯಿ ಬಟ್ಟೆ ಮಡಚಿದಳು. ಮರುದಿನದಿಂದ ಮಧುಮತಿ ಅವಳಿಗೆ 'ಮಗಳಾ' ಆಗಿ ಉಳಿಯಲಿಲ್ಲ, 'ನೀವು' ಆದಳು. ಅಂಕಣದಾಚೆ ಹೋದ ಚೆಂಡನ್ನು ಉಳಿದವರ ಕೈಗೆ ಕೊಡುವವಳು ಇವಳಿಗೆ ಮಾತ್ರ ನೆಲದ ಮೇಲೆ ಉರುಳಿಸುತ್ತಿದ್ದಳು. ನೀರಿನ ತಂಬಿಗೆಯನ್ನು ಮೆಟ್ಟಿಲ ಮೇಲಿಟ್ಟು ಸರಿದು ನಿಲ್ಲುತ್ತಿದ್ದಳು. ಮಧುಮತಿ ಅದೇ ಅಂಕಣಕ್ಕೆ ಕೋಚ್ ಆಗಿ ಬಂದ ಮೇಲೂ ಅದೇ ರೀತಿ. ಮುನಿಸಿನ ಒಂದು ಗೆರೆಯೂ ಮುಖದಲ್ಲಿರಲಿಲ್ಲ, ಅದೇ ಹೆಚ್ಚು ಚುಚ್ಚುತ್ತಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ಮಧುಮತಿ ಒಂಬತ್ತು ವರ್ಷ ತಳ್ಳಿದಳು.

*

ಜಿಡಗಾ ರಸ್ತೆಯ ಬದಿಯಲ್ಲಿ ಮಣ್ಣು ಕೊಟ್ಟು ಎಲ್ಲರೂ ಮನೆಗೆ ಮರಳಿದರು. ಕೈಕಾಲು ತೊಳೆದುಕೊಂಡ ಮೇಲೆ ಮರೆಮ್ಮ ಒಳಗಿನಿಂದ ಬಟ್ಟೆಯ ಗಂಟೊಂದನ್ನು ತಂದು ಕಟ್ಟೆಯ ಮೇಲೆ ಬಿಚ್ಚಿದಳು.

"ಬರ್ರೆವಾ ಹುಡುಗ್ಯಾರೆ. ಅವ್ವ ನಿನ್ನೆ ನಿಮಗಂತ ಮಾಡಿಟ್ಟಾಳ. ಎಣಿಸಿ ಹನ್ನೆರಡೇ ಮಾಡ್ಯಾಳ, ಒಬ್ಬೊಬ್ಬರು ಒಂದೊಂದ ತಗೋರಿ."

ಹುಡುಗಿಯರು ಅಳುತ್ತಲೇ ತೆಗೆದುಕೊಂಡರು. ಮರೆಮ್ಮ ಮತ್ತೆ ಒಳಗೆ ಹೋಗಿ ಪೇಡೆಯ ಡಬ್ಬಿಯೊಂದನ್ನು ತಂದು, ಮಧುಮತಿಯ ಪಕ್ಕದಲ್ಲಿಟ್ಟು ಹಿಂದಕ್ಕೆ ಸರಿದಳು.

"ಇದು ನಿಮಗರಿ ಮೇಡಮ್. ಸೋತಾಗ ಕಲಿಸಿದವರಿಗೇ ಭಾಳ ಸಂಕಟ ಆಗ್ತದ, ಅವರಿಗೂ ಶುಕ್ರಿಯಾ ಹೇಳ್ಬೇಕು ಅಂತ ತಾನೇ ಬಸ್ ಸ್ಟ್ಯಾಂಡ್ ತನಕ ನಡಕೊಂತ ಹೋಗಿ ತಂದಾಳ. ನಮ್ಮನ್ಯಾಗ ಮಾಡಿದ್ದಲ್ರಿ, ಅಂಗಡಿದು. ನೋಡ್ರಿ, ಮ್ಯಾಲಿನ ಟೇಪ್ ಸೈತ ಬಿಚ್ಚಿಲ್ಲ."

ಮಧುಮತಿಗೆ ತಡೆಯಲಾಗಲಿಲ್ಲ.

"ಮರೆಮ್ಮಾ, ಆವತ್ತ ನಾ ಸೋತ ಸಿಟ್ಟಿನಾಗ ಒಗದೆ. ನಿಮ್ಮವ್ವನ ಕೈದು ಅಂತ ಅಲ್ಲ..."

ಮರೆಮ್ಮ ಬಾಗಿಲ ಕಡೆ ತಿರುಗಿದಳು.

"ಇದನ್ನ ಅವ್ವಗ ಹೇಳ್ಬೇಕಿತ್ರಿ" ಎಂದು ಒಳಗೆ ಹೋದಳು.

ಹುಡುಗಿಯರು ತಿಂದು ಮುಗಿಸಿದ್ದರು. ಕಟ್ಟೆಯ ಮೇಲೆ ಬಟ್ಟೆ ಹಾಗೇ ಬಿದ್ದಿತ್ತು, ಅದರ ಮಡಿಕೆಗಳಲ್ಲಿ ಹೋಳಿಗೆಯ ಚೂರು, ಶೇಂಗಾಬೆಲ್ಲದ ಹುಡಿ. ಮಧುಮತಿ ಪೇಡೆಯ ಡಬ್ಬಿಯನ್ನು ಆಚೆ ಸರಿಸಿ, ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು, ಒದ್ದೆ ಬೆರಳಿನಿಂದ ಒಂದೊಂದೇ ಚೂರನ್ನು ಹೆಕ್ಕಿ ಬಾಯಿಗಿಟ್ಟುಕೊಳ್ಳತೊಡಗಿದಳು.