ಕೊಂಡಿಗೆ ಹೊಸ ಕಪ್ಪು

ಅಲ್ಯೂಮಿನಿಯಂ ಮೆತ್ತಗಿನ ಲೋಹ. ಹಗ್ಗ ದಿನಾ ಉಜ್ಜಿದರೆ ಸವೆದೇ ಸವೆಯುತ್ತದೆ. ಅದಕ್ಕೇ ಆಮ್ಲದ ತೊಟ್ಟಿಯಲ್ಲಿ ಇಳಿಬಿಟ್ಟು, ಕರೆಂಟ್ ಹಾಯಿಸಿ, ಮೇಲೊಂದು ಗಟ್ಟಿ ಕಪ್ಪು ಪೊರೆ ಬೆಳೆಸುತ್ತಾರೆ. ಅಕ್ಕನ ಕೆಲಸ ಅದು. ತಮ್ಮನದು ಎತ್ತರದ ಕಟ್ಟಡಗಳಲ್ಲಿ ಹಗ್ಗಕ್ಕೆ ನೇತಾಡುತ್ತ ಗಾಜು ಒರೆಸುವ ಕೆಲಸ. ಅವನ ಜೀವವೆಲ್ಲ ಅಂಗೈಯಗಲದ ಒಂದು ಅಲ್ಯೂಮಿನಿಯಂ ಕೊಂಡಿಯ ಮೇಲೆ. ಹಗ್ಗ ಅದನ್ನು ಸುತ್ತಿಕೊಂಡೇ ಅವನನ್ನು ಮೆಲ್ಲಗೆ ಇಳಿಸಬೇಕು.

ಒಂದು ಸಂಜೆ ಆ ಕೊಂಡಿಯನ್ನು ತಂದು, ಮತ್ತೆ ಕಪ್ಪು ಹಿಡಿಸಿಕೊಡು ಎಂದು ಅಕ್ಕನ ಮುಂದಿಟ್ಟ. ಕಪ್ಪೆಲ್ಲ ಹೋಗಿ ಬೆಳ್ಳಗೆ ಹೊಳೆಯುತ್ತಿತ್ತು. ಹಗ್ಗ ಓಡಾಡಿದ ಕಡೆ ಹೆಬ್ಬೆರಳು ಕೂರುವಷ್ಟು ಗುಳಿ. ಬಿಳಿ ಕೊಂಡಿ ಕಂಡರೆ ಮೇಸ್ತ್ರಿ ಮೇಲೆ ಹತ್ತಿಸುವುದಿಲ್ಲವಂತೆ, ಕಪ್ಪಿದ್ದರೆ ಸಾಕಂತೆ. ಆ ಪುಣ್ಯಾತ್ಮ ಗುಳಿಯೊಳಗೆ ಒಮ್ಮೆಯೂ ಬೆರಳಿಟ್ಟವನಲ್ಲ.

"ಆಗಲ್ಲ ಕಣೋ," ಅಂದಳು ಅಕ್ಕ. "ಕಪ್ಪು ಬರುತ್ತೆ, ಸವೆದ ಲೋಹ ವಾಪಸ್ ಬರಲ್ಲ. ಹೊಸಾದು ಕೇಳು."

ತಮ್ಮ ಮುಖ ಊದಿಸಿಕೊಂಡು ಹೋದ. ಹೋದವನು ಸುಮ್ಮನಿರಬೇಕಲ್ಲ? ಹೊಸದು ಕೇಳಲು ಬಾಯಿ ಬಾರದೆ, ಹಳೆಯದಕ್ಕೇ ಕಪ್ಪು ಹಿಡಿಸಬಹುದಂತೆ ಎಂದು ಮೇಸ್ತ್ರಿಯ ಕಿವಿಯಲ್ಲಿ ಊದಿದ. ಮೇಸ್ತ್ರಿಗೆ ರೋಗಿ ಬಯಸಿದ್ದೂ ವೈದ್ಯ ಹೇಳಿದ್ದೂ ಒಂದೇ ಆಯಿತು. ಮುಂದಿನ ವಾರ ಎಲ್ಲರ ಸವೆದ ಕೊಂಡಿಗಳೂ ಒಂದು ಕ್ರೇಟಿನಲ್ಲಿ ಅಕ್ಕನ ತೊಟ್ಟಿಯ ಪಕ್ಕ ಬಂದು ಕೂತವು.

ಅವಳು ಕಾರ್ಖಾನೆಯ ಮಾಲೀಕರ ಕೋಣೆಗೆ ಹೋಗಿ, ಇವಕ್ಕೆ ಕೋಟಿಂಗ್ ಮಾಡಿದರೆ ಗುಳಿ ಮುಚ್ಚಿಟ್ಟಂತೆ, ಯಾರಾದರೂ ಬೀಳುತ್ತಾರೆ ಎಂದಳು.

"ನಮ್ಮ ಕೆಲಸ ಕೋಟಿಂಗ್ ಮಾಡೋದಮ್ಮ, ಭವಿಷ್ಯ ಹೇಳೋದಲ್ಲ," ಅಂದರು ಅವರು. ಇಷ್ಟವಿಲ್ಲದಿದ್ದರೆ ಗೇಟಿನ ಹೊರಗೆ ಜನ ಇದ್ದಾರೆ ಎಂದೂ ಸೇರಿಸಿದರು.

ವಾಪಸ್ ಬಂದವಳು ಕ್ರೇಟ್ ತಡಕಾಡಿದಳು. ಗುರುತಿಗೆಂದು ತಮ್ಮ ಅರದಲ್ಲಿ ಗೀಟು ಹಾಕಿದ್ದ ಕೊಂಡಿ ಸಿಕ್ಕಿತು. ಅತ್ತಿತ್ತ ನೋಡಿ ಅದನ್ನು ಕಾಸ್ಟಿಕ್ ಸೋಡಾದ ತೊಟ್ಟಿಗೆ ಬಿಟ್ಟಳು. ಅಲ್ಲಿ ಹಳೆ ಪೊರೆ ಕಳಚಲು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ; ತೆಗೆಯದಿದ್ದರೆ ಅಲ್ಯೂಮಿನಿಯಂ ಪೂರ್ತಿ ಕರಗುತ್ತದೆ. ಎರಡು ದಿನ ನೊರೆಯೇಳಿಸಿ ಕೊಂಡಿ ಇಲ್ಲವಾಯಿತು. ಒಂದು ಕಳೆದರೆ ಹೊಸದು ಕೊಡಲೇಬೇಕು ಎಂಬುದು ಅವಳ ಲೆಕ್ಕ.

ಉಳಿದವನ್ನು ಕೊಕ್ಕೆಗೆ ತೂಗುಹಾಕಿದಳು. ಅವುಗಳನ್ನು ನಂಬಿದವರಿಗೂ ಅಕ್ಕಂದಿರಿದ್ದಾರು ಎಂದು ಹೊಳೆಯದೆ ಇರಲಿಲ್ಲ. ನಾಚಿಕೆಯಾಯಿತು. ಕೈ ಮಾತ್ರ ನಿಲ್ಲಲಿಲ್ಲ. ಕಪ್ಪು ಚೆನ್ನಾಗಿ ಹಿಡಿಯಿತು.

ಕೊಂಡಿಗಳು ಹಿಂದಿರುಗಿದ ಮರುದಿನ, ಮಧ್ಯಾಹ್ನದ ಪಾಳಿಗೆ ಹೊರಟಿದ್ದ ತಮ್ಮ ಅಕ್ಕನ ಮನೆಗೆ ಬಂದ. ಅವನದು ಕಳೆದುಹೋಯಿತಂತೆ. ಅಕ್ಕನ ಎದೆ ಹಗುರಾಯಿತು. ಹೊಸದು ಕೊಟ್ಟರಾ ಎಂದು ಕೇಳಿದಳು.

"ಅವರೆಲ್ಲಿ ಕೊಡ್ತಾರೆ? ಕೆಲಸ ಬಿಟ್ಟವನೊಬ್ಬನದು ಇತ್ತು, ಅದನ್ನೇ ಕೊಟ್ರು. ಎಷ್ಟು ಚೆನ್ನಾಗಿದೆ ನೋಡು. ನಿನ್ನ ಕೈಕೆಲಸಾನೇ ಅಲ್ವಾ?"

ಅವಳು ಗುಳಿಯಲ್ಲಿ ಹೆಬ್ಬೆರಳಿಟ್ಟಳು. ಅವನದಕ್ಕಿಂತ ಆಳವಾಗಿತ್ತು. ಹೋಗಬೇಡವೆಂದಳು. ಅವನು ನಕ್ಕ. ಆಗ ಎಲ್ಲವನ್ನೂ ಹೇಳಿದಳು, ಅವನ ಕೊಂಡಿಯನ್ನು ತಾನೇ ಕರಗಿಸಿದ್ದನ್ನೂ.

ತಮ್ಮನ ನಗು ನಿಂತಿತು.

"ಹಾಗಾದ್ರೆ ಉಳಿದವ್ರದು?"

ಬೆಳಗಿನ ಪಾಳಿಯವರು ಆಗಲೇ ಮೇಲೆ ನೇತಾಡುತ್ತಿದ್ದರು. ಅವನು ಚಪ್ಪಲಿಯನ್ನೂ ಮೆಟ್ಟದೆ ಕಟ್ಟಡದ ಕಡೆ ಓಡಿದ.